ಲಕ್ವದ ನಂತರ ಜಗುಲಿಯಿಂದ ತೋಟದವರೆಗೆ

ಶೃಂಗೇರಿ ತಾಲ್ಲೂಕಿನ ಅಡ್ಡಗದ್ದೆಯಂಥ ಊರಿನಲ್ಲಿ ಸಮತಟ್ಟು ನೆಲ ಸಿಗುವುದು ಜಗುಲಿ, ಅಂಗಳ, ಗದ್ದೆಗಳಲ್ಲಿ ಮಾತ್ರ. ಮಿಕ್ಕಿದ್ದೆಲ್ಲ ಏರು, ಇಳಿಜಾರು. ಲಕ್ವ ಹೊಡೆದು ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ತೋಟಕ್ಕೆ ಯಾವಾಗ ಇಳಿಯುತ್ತೇನೋ ಎಂಬುದೇ ಚಿಂತೆ. ಆ ದಾರಿ ಶುರುವಾಗುವುದು ಹಾಸಿಗೆಯಿಂದ.

ಪೆಟ್ಟು ಬಿದ್ದಿರುವುದು ಕಾಲಿಗಲ್ಲ, ಕಾಲಿಗೆ ಅಪ್ಪಣೆ ಕೊಡುವ ಮಿದುಳಿಗೆ. ಎಣ್ಣೆ ತಿಕ್ಕಿದರೆ ಹಿತವಾಗಬಹುದು, ಆದರೆ ಅಷ್ಟರಿಂದಲೇ ನಡಿಗೆ ಮರಳದು. ರೋಗಿ ತಾನೇ ಅದೇ ಚಲನೆಯನ್ನು ಮತ್ತೆ ಮತ್ತೆ ಮಾಡಬೇಕು. ಹೆಚ್ಚಿನ ಚೇತರಿಕೆ ಮೊದಲ 3ರಿಂದ 6 ತಿಂಗಳಲ್ಲಿ. ಆಮೇಲೂ ಆಗುತ್ತದೆ, ನಿಧಾನವಾಗಿ. ಹಾಗೆಂದು ಮೊದಲ ದಿನವೇ ಎಬ್ಬಿಸಿ ನಡೆಸಲು ಹೊರಡಬೇಡಿ. ಲಕ್ವ ಹೊಡೆದ 24 ಗಂಟೆಯೊಳಗೇ ಪದೇ ಪದೇ ಎಬ್ಬಿಸಿದ ರೋಗಿಗಳಿಗೆ ಒಳಿತು ಕಡಿಮೆಯಾದದ್ದನ್ನು 2015ರ 'ಅವರ್ಟ್' ಅಧ್ಯಯನ ತೋರಿಸಿದೆ. ಮನೆಯವರಿಗೆ ತರಬೇತಿ ಕೊಟ್ಟು ವ್ಯಾಯಾಮ ಮಾಡಿಸಿದ ಭಾರತದ 'ಅಟೆಂಡ್' ಅಧ್ಯಯನದಲ್ಲೂ (2017, 14 ಆಸ್ಪತ್ರೆ, 1,250 ರೋಗಿಗಳು) ಮಾಮೂಲಿ ಆರೈಕೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಆದ್ದರಿಂದ ಈ ಲೇಖನವನ್ನು ಫಿಸಿಯೋಥೆರಪಿಸ್ಟರ ಬದಲಿಗೆ ಇಟ್ಟುಕೊಳ್ಳಬೇಡಿ. ಅವರು ನೋಡಿ ಒಪ್ಪಿದ ಮೇಲೆ ಶುರುಮಾಡಿ.

ಮೊದಲು, ಮಲಗಿದಲ್ಲೇ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಪಾದವನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಬಾಗಿಸಿ, 30 ಸೆಕೆಂಡು ಹಿಡಿದಿಡಿ. ಮೀನಖಂಡ ಬಿಗಿದುಕೊಂಡರೆ ಮುಂದೆ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ನಂತರ ಎರಡೂ ಮೊಣಕಾಲು ಮಡಚಿ ಪಾದ ಊರಿ, ಸೊಂಟ ಮೇಲೆತ್ತಿ ಐದು ಎಣಿಸಿ ಇಳಿಸಲಿ. ಉಸಿರು ಕಟ್ಟಬಾರದು.

ಎರಡನೆಯದು ಕೂತು ಏಳುವುದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಮದ್ದು ಇದೇ. ಜಾರುವ ಪ್ಲಾಸ್ಟಿಕ್ ಕುರ್ಚಿ ಬೇಡ. ಗಟ್ಟಿ ಮರದ ಕುರ್ಚಿಯನ್ನು ಗೋಡೆಗೆ ಆನಿಸಿಡಿ. ಪಾದಗಳನ್ನು ಹಿಂದಕ್ಕೆಳೆದು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಏಳಬೇಕು. ಎಲ್ಲ ಭಾರವನ್ನೂ ಒಳ್ಳೆಯ ಕಾಲಿನ ಮೇಲೇ ಹಾಕುವುದು ಎಲ್ಲರ ಚಾಳಿ. ಸೋತ ಕಾಲಿನ ಪಾದವನ್ನು ಒಂದಿಷ್ಟು ಹಿಂದಕ್ಕಿಟ್ಟರೆ ಅದೂ ದುಡಿಯುತ್ತದೆ. ಸಹಾಯಕರು ಸೋತ ಬದಿಯಲ್ಲಿ ನಿಂತು ಸೊಂಟಕ್ಕೆ ಆಸರೆ ಕೊಡಲಿ. ಸೋತ ಕೈ ಹಿಡಿದು ಎಳೆದರೆ ಹೆಗಲಿನ ಕೀಲು ಸಡಿಲವಾಗಿ, ಕಾಲಿನ ಜೊತೆ ಹೆಗಲಿನ ನೋವೂ ಸೇರಿಕೊಳ್ಳುತ್ತದೆ.

ನಿಲ್ಲುವುದು ರೂಢಿಯಾದ ಮೇಲೆ ಜಗುಲಿ. ಗೋಡೆಯುದ್ದಕ್ಕೂ ಹಿಡಿದುಕೊಳ್ಳಲು ಬಿದಿರಿನ ಗಳ ಕಟ್ಟಿ. ಮೊದಲು ನಿಂತಲ್ಲೇ ಭಾರವನ್ನು ಆ ಕಾಲಿಂದ ಈ ಕಾಲಿಗೆ ದಾಟಿಸಲಿ, ಆಮೇಲೆ ಹೆಜ್ಜೆ. ದೊಣ್ಣೆ ಒಳ್ಳೆಯ ಕೈಯಲ್ಲಿರಬೇಕು. ಪಾದ ಮೇಲೇಳದೆ ಕಾಲ್ಬೆರಳು ನೆಲಕ್ಕೆ ಉಜ್ಜುತ್ತಿದ್ದರೆ ಅದು ಸೋಮಾರಿತನವಲ್ಲ, ಬೈಯಬೇಡಿ. ಮುಂಗಾಲಿನ ಸ್ನಾಯು ಸೋತಿದೆ. ಪಾದವನ್ನು ಎತ್ತಿ ಹಿಡಿಯುವ ಪಟ್ಟಿ ಬೇಕೇ ಎಂದು ವೈದ್ಯರನ್ನು ಕೇಳಿ.

ಮೆಟ್ಟಿಲಿಗೆ ಒಂದೇ ಲೆಕ್ಕ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ತೋಟದ ಸಂಕ, ಅಂದರೆ ಕಾಲುಸೇತುವೆ, ಕೊನೆಯ ಪಾಠ. ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳಕ್ಕೆ ಇಳಿಸಲೇಬೇಡಿ, ಜಗುಲಿಯೇ ಸಾಕು. ದೊಣ್ಣೆಯ ತುದಿಯ ರಬ್ಬರ್ ಸವೆದಿದೆಯೇ ನೋಡುತ್ತಿರಿ. ಸ್ಪರ್ಶ ತಿಳಿಯದ ಕಾಲಿಗೆ ಹಂಡೆಯ ನೀರು ಸುಟ್ಟರೂ ಗೊತ್ತಾಗುವುದಿಲ್ಲ. ಬೇರೆಯವರು ಕೈಯಿಟ್ಟು ನೋಡಿಯೇ ಹೊಯ್ಯಬೇಕು.

ಒಂದೇ ಮೀನಖಂಡ ಊದಿ ಬಿಸಿಯಾದರೆ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಅಂದೇ ವೈದ್ಯರಿಗೆ ತೋರಿಸಿ. ಮತ್ತೆ ಮುಖ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಕಂಡರೆ 108ಕ್ಕೆ ಕರೆ ಮಾಡಿ, ಶುರುವಾದ ಹೊತ್ತು ಬರೆದಿಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ಗಂಟೆ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ತೀರ್ಥಹಳ್ಳಿ ದಾಟಿ ಶಿವಮೊಗ್ಗಕ್ಕೋ ಹೋಗುವಷ್ಟರಲ್ಲಿ ಅದರಲ್ಲಿ ದೊಡ್ಡ ಪಾಲು ಕಳೆದಿರುತ್ತದೆ. ಸ್ಕ್ಯಾನ್ ಮತ್ತು ಆ ಚುಚ್ಚುಮದ್ದು ಎರಡೂ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ, ಫೋನ್ ನಂಬರನ್ನು ಜಗುಲಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.