ರ‍್ಯಾಮ್ ಆಮೇಲೆ ಹಾಕಿಸಬಹುದಾ? ಲ್ಯಾಪ್‌ಟಾಪ್ ಕೊಳ್ಳೋ ಮುಂಚೆ ಕೇಳಬೇಕಾದ ಪ್ರಶ್ನೆ

ಹೋದ ವರ್ಷ ಕಾಲೇಜಿಗೆ ಸೇರಿದಾಗ ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ನನಗೆ ಲ್ಯಾಪ್‌ಟಾಪ್ ಕೊಡಿಸಿದರು. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಒಂದೇ ಮಾಡೆಲ್ 8 ಜಿಬಿ ರ‍್ಯಾಮ್‌ನದೂ ಇತ್ತು, 16 ಜಿಬಿದೂ ಇತ್ತು. ವ್ಯತ್ಯಾಸ ಐದು ಸಾವಿರ. "ಈಗ ಎಂಟು ಸಾಕ್ರಿ ಸರ್, ಮುಂದ ಬೇಕಾದ್ರ ಹಾಕಿಸ್ಕೊಂಡ್ರಾತು" ಅಂದ್ರು ಅಂಗಡಿಯವರು. ಅಪ್ಪ ನನ್ನ ಮುಖ ನೋಡಿದರು. ಐದು ಸಾವಿರ ಉಳಿಯುತ್ತಲ್ಲ ಅಂತ ನಾನೂ ತಲೆಯಾಡಿಸಿದೆ.

ಈ ಸೆಮಿಸ್ಟರ್‌ನಲ್ಲಿ ಆಂಡ್ರಾಯ್ಡ್ ಸ್ಟುಡಿಯೋ ಹಾಕಿ ಎಮ್ಯುಲೇಟರ್ ಆನ್ ಮಾಡಿದರೆ ಮೌಸ್ ಕೂಡ ಅಲುಗಾಡಲಿಲ್ಲ. ರ‍್ಯಾಮ್ ಹಾಕಿಸೋಣ ಅಂತ ರಿಪೇರಿಯವರ ಹತ್ತಿರ ಒಯ್ದೆ. ಅವರು ಹಿಂದಿನ ಮುಚ್ಚಳ ಬಿಚ್ಚಿ ನೋಡಿ, "ಇದ್ರಾಗ ಸ್ಲಾಟೇ ಇಲ್ಲ ತಮ್ಮಾ, ಬೋರ್ಡಿಗೇ ಬೆಸುಗೆ ಹಾಕ್ಯಾರ" ಅಂದರು. ಮನೆಗೆ ಇನ್ನೂ ಹೇಳಿಲ್ಲ. ಸಾಲದ ಕಂತು ಮುಗಿದಿಲ್ಲ.

ಅದಕ್ಕೇ ಈ ಲೇಖನ. ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಎರಡು ರೀತಿ ಇರುತ್ತೆ. ಒಂದು, ಸ್ಲಾಟ್‌ಗೆ ಸಿಕ್ಕಿಸುವ ಸಣ್ಣ ಪಟ್ಟಿ. ಇದನ್ನು ತೆಗೆದು ದೊಡ್ಡದು ಹಾಕಬಹುದು. ಇನ್ನೊಂದು, ಮದರ್‌ಬೋರ್ಡಿಗೇ ಬೆಸೆದ ಚಿಪ್. ಸ್ಪೆಸಿಫಿಕೇಶನ್‌ನಲ್ಲಿ ಎಲ್‌ಪಿಡಿಡಿಆರ್ ಅಂತ ಕಂಡರೆ ಹೆಚ್ಚುಕಡಿಮೆ ಬೆಸೆದದ್ದೇ ಅಂತ ತಿಳಿದುಕೊಳ್ಳಿ. ಇದು ಕೆಟ್ಟದ್ದೇನಲ್ಲ, ಕರೆಂಟ್ ಕಡಿಮೆ ತಿನ್ನುತ್ತೆ, ಲ್ಯಾಪ್‌ಟಾಪ್ ತೆಳ್ಳಗೆ ಮಾಡಬಹುದು. ಆದರೆ ಕೊಂಡ ದಿನ ಎಷ್ಟಿತ್ತೋ ಕೊನೆವರೆಗೂ ಅಷ್ಟೇ. ಕೆಲವು ಮಾಡೆಲ್‌ಗಳಲ್ಲಿ ಅರ್ಧ ಬೆಸೆದು ಜೊತೆಗೆ ಒಂದು ಸ್ಲಾಟ್ ಕೊಟ್ಟಿರುತ್ತಾರೆ. ಅದು ನಡೆಯುತ್ತೆ.

8 ಜಿಬಿ ಯಾಕೆ ಸಾಲಲ್ಲ? ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳೋದು ಕನಿಷ್ಠ 4 ಜಿಬಿ. ಅದು ಸ್ಟಾರ್ಟ್ ಆಗೋಕೆ ಮಾತ್ರ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನಿನ ಕೆಲಸಕ್ಕೂ ಇದೇ ರ‍್ಯಾಮ್‌ನಿಂದ ಪಾಲು ಹೋಗುತ್ತೆ. ಮೇಲೆ ಕ್ರೋಮ್‌ನ ಇಪ್ಪತ್ತು ಟ್ಯಾಬ್. ಜಾಗ ತುಂಬಿದಾಗ ವಿಂಡೋಸ್ ಸ್ವಲ್ಪ ಡೇಟಾವನ್ನು ಎಸ್‌ಎಸ್‌ಡಿಗೆ ಸಾಗಿಸುತ್ತೆ, ಬೇಕಾದಾಗ ವಾಪಸ್ ತರುತ್ತೆ. ರ‍್ಯಾಮ್‌ನಿಂದ ಓದೋಕೆ ಸುಮಾರು 100 ನ್ಯಾನೋಸೆಕೆಂಡ್ ಆದರೆ ಎಸ್‌ಎಸ್‌ಡಿಯಿಂದ ಹತ್ತಾರು ಮೈಕ್ರೋಸೆಕೆಂಡ್, ಅಂದರೆ ನೂರಾರು ಪಟ್ಟು ನಿಧಾನ. ನಾವು ಹ್ಯಾಂಗ್ ಆಯ್ತು ಅಂತ ಬೈಯೋದು ಈ ಓಡಾಟಕ್ಕೆ. ಪ್ರೊಸೆಸರ್ ಬದಲಿಸಿದರೂ ಇದು ಹೋಗಲ್ಲ.

ಈಗ ಕಸ್ಟಮ್ ಆಯ್ಕೆಗಳ ವಿಷಯ. ಕೆಲವು ಕಂಪನಿಗಳ ವೆಬ್‌ಸೈಟಿನಲ್ಲಿ ರ‍್ಯಾಮ್, ಎಸ್‌ಎಸ್‌ಡಿ, ಸ್ಕ್ರೀನ್ ಎಲ್ಲ ನಾವೇ ಆರಿಸಿ ಆರ್ಡರ್ ಮಾಡಬಹುದು. ಅಲ್ಲಿ ದುಡ್ಡು ಹಾಕಬೇಕಾದ್ದು ಆಮೇಲೆ ಬದಲಿಸೋಕೆ ಆಗದ ಭಾಗಗಳಿಗೆ: ಪ್ರೊಸೆಸರ್, ಗ್ರಾಫಿಕ್ಸ್, ಸ್ಕ್ರೀನ್, ಬೆಸೆದ ರ‍್ಯಾಮ್. ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್‌ಎಸ್‌ಡಿ ಸಾಮಾನ್ಯವಾಗಿ ಬಿಚ್ಚಿ ಹಾಕುವಂಥದ್ದೇ, ಹಾಗಾಗಿ 512 ಜಿಬಿಯಿಂದ ಶುರು ಮಾಡಿದರೆ ತೊಂದರೆ ಇಲ್ಲ. (ಅದು ವಿಂಡೋಸ್‌ನಲ್ಲಿ 476 ಅಂತ ಕಾಣುತ್ತೆ. ಯಾರೂ ಕದ್ದಿಲ್ಲ, ಕಂಪನಿ 1000ರ ಲೆಕ್ಕದಲ್ಲಿ ಎಣಿಸುತ್ತೆ, ವಿಂಡೋಸ್ 1024ರ ಲೆಕ್ಕದಲ್ಲಿ.) ಮ್ಯಾಕ್‌ಬುಕ್ ಏರ್‌ನಲ್ಲಿ ಎರಡೂ ಬದಲಿಸೋಕೆ ಬರಲ್ಲ. ಆಪಲ್ ಕೂಡ 2024ರ ಅಕ್ಟೋಬರ್‌ನಲ್ಲಿ ಅದರ ಕನಿಷ್ಠ ಮೆಮೊರಿಯನ್ನು 8ರಿಂದ 16 ಜಿಬಿಗೆ ಏರಿಸಿತು.

ಎರಡು ಸ್ಲಾಟ್ ಇದ್ದರೆ 16ರ ಒಂದೇ ಪಟ್ಟಿಗಿಂತ 8ರ ಎರಡು ಪಟ್ಟಿ ವೇಗ. ಮೆಸ್‌ನಲ್ಲಿ ಒಂದು ಕೌಂಟರ್ ಬದಲು ಎರಡು ತೆರೆದ ಹಾಗೆ. ಡಿಡಿಆರ್4 3200 ಪಟ್ಟಿ ಒಂದಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ, ಎರಡಿದ್ದರೆ 51.2. ಆದರೆ ಮುಂದೆ 32ಕ್ಕೆ ಹೋಗೋ ಯೋಚನೆ ಇದ್ದರೆ 16ರದ್ದೊಂದು ಹಾಕಿಸಿ, ಇನ್ನೊಂದು ಸ್ಲಾಟ್ ಖಾಲಿ ಬಿಡಿ. ಡಿಡಿಆರ್4 ಸ್ಲಾಟ್‌ಗೆ ಡಿಡಿಆರ್5 ಪಟ್ಟಿ ಕೂರಲ್ಲ, ಹಳೇ ಸೀನಿಯರ್ ಕೊಡ್ತೀನಿ ಅಂದರೂ ಮೊದಲು ನೋಡಿಕೊಳ್ಳಿ. ಇನ್ನೊಂದು, "ಆಮೇಲೆ ಅಗ್ಗ ಆಗುತ್ತೆ" ಅನ್ನೋ ಮಾತು ಈಗ ನಂಬೋ ಹಾಗಿಲ್ಲ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಜೋರಾಗಿ ಏರಿತು.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಡೆಮೊ ಪೀಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿದರೆ ಕೆಳಗೆ ಫಾರ್ಮ್ ಫ್ಯಾಕ್ಟರ್ ಅಂತ ಇರುತ್ತೆ. ಸೋಡಿಮ್ ಅಂತಿದ್ದರೆ ಸ್ಲಾಟ್, ರೋ ಆಫ್ ಚಿಪ್ಸ್ ಅಂತಿದ್ದರೆ ಬೆಸುಗೆ. ಆದರೂ ಮಾಡೆಲ್ ನಂಬರ್ ಪೂರ್ತಿ ಬರೆದುಕೊಂಡು ಕಂಪನಿಯ ಸ್ಪೆಸಿಫಿಕೇಶನ್ ಹಾಳೆಯಲ್ಲಿ ಸ್ಲಾಟ್ ಎಷ್ಟು, ಗರಿಷ್ಠ ಮೆಮೊರಿ ಎಷ್ಟು ಅಂತ ನೋಡಿ, ಯಾಕೆಂದರೆ ಒಂದೇ ಹೆಸರಿನ ಲ್ಯಾಪ್‌ಟಾಪ್ ಎರಡು ರೀತಿಯಲ್ಲೂ ಬರುತ್ತೆ. ಅಂಗಡಿಯವರು ಅವಸರ ಮಾಡಿದರೆ "ಅಣ್ಣಾ, ಎರಡು ನಿಮಿಷ" ಅನ್ನಿ. ನಾನು ಅವತ್ತು ಅನ್ನಲಿಲ್ಲ.

ಈಗಾಗಲೇ ನನ್ನ ಹಾಗೆ ಸಿಕ್ಕಿಹಾಕಿಕೊಂಡೋರಿಗೆ ಒಂದು ದಾರಿ ಇದೆ. ಎಮ್ಯುಲೇಟರ್ ಬಿಟ್ಟುಬಿಡಿ. ನಿಮ್ಮ ಫೋನಿನಲ್ಲಿ ಡೆವಲಪರ್ ಆಪ್ಶನ್ಸ್ ತೆರೆದು ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ, ಕೇಬಲ್ ಚುಚ್ಚಿ, ಆ್ಯಪ್ ಅಲ್ಲೇ ಓಡಿಸಿ. ನನ್ನ ಮಿನಿ ಪ್ರಾಜೆಕ್ಟ್ ಈಗ ಹಾಗೇ ನಡೀತಿದೆ.