ಸುಲಭವೆಂದು ಸಮಾಜಶಾಸ್ತ್ರ ಆರಿಸಿದಿರಾ?

ಭಟ್ಕಳ, ಹೊನ್ನಾವರ, ಕುಮಟಾದ ಕಾಲೇಜುಗಳಲ್ಲಿ ಬಿ.ಎ. ಸೇರುವ ಮಕ್ಕಳೇ, ‘ಸಮಾಜಶಾಸ್ತ್ರ ಸುಲಭ, ಗೈಡ್ ಓದಿದರೆ ಸಾಕು’ ಎನ್ನುವವರ ಮಾತು ನಂಬಬೇಡಿ. ಪಾಸೇನೋ ಆಗುತ್ತೀರಿ. ಆಮೇಲೆ ಮುಂದೇನೆಂದು ತೋಚದೆ ಕೂರುತ್ತೀರಿ.

ಈ ವಿಷಯಕ್ಕೆ ನಿಮ್ಮೂರೇ ಪಠ್ಯ. ಹಾಲಕ್ಕಿ ಒಕ್ಕಲಿಗರ ಕೊಪ್ಪಗಳು, ಭಟ್ಕಳದ ನವಾಯತರ ಮನೆಗಳಿಗೆ ಕೊಲ್ಲಿಯಿಂದ ಬರುವ ಹಣ, ಕಾಸರಕೋಡ ಟೊಂಕದಲ್ಲಿ ಬಂದರು ಬೇಡವೆಂದ ಮೀನುಗಾರರು... ಇವನ್ನು ನೋಡದೆ ಪುಟ ತಿರುವಿದರೆ ಏನು ಬಂತು? ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳ್ಳಿಯೊಂದರಲ್ಲಿ ನೆಲೆಸಿ ಕಂಡದ್ದೆಲ್ಲ ಬರೆದಿಟ್ಟರು. ಮುಂದೆ ಪರಿಷ್ಕರಿಸಿಕೊಂಡಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕವು. ನೆನಪಿನ ಬಲದಿಂದಲೇ ಅವರು ಬರೆದ ಆ ಹಳ್ಳಿಯ ಪುಸ್ತಕ 1976ರಲ್ಲಿ ಬಂತು. ಗೈಡ್ ಓದಿದವರಿಗೆ ಅಷ್ಟು ನೆನಪಿದ್ದೀತೇ?

ಇನ್ನು ದಾರಿಯ ಮಾತು. ಎಂ.ಎ.ಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಆದರೆ ಬರೀ ಎಂ.ಎ. ನಂಬಿ ಕಾಲೇಜಿನಲ್ಲಿ ಪಾಠ ಹೇಳುವ ಕನಸು ಕಾಣಬೇಡಿ. ಎನ್‌ಇಟಿ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆಯ ತಯಾರಿ ಜೊತೆಗೇ ನಡೆಯಲಿ. ಆಸ್ಪತ್ರೆ, ಸ್ವಯಂಸೇವಾ ಸಂಸ್ಥೆಗಳತ್ತ ಮನಸ್ಸಿದ್ದರೆ ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು. ಇದೆ; ಅದು ಬೇರೆಯದೇ ಪದವಿ, ಅದನ್ನೂ ಎಂ.ಎ.ಯನ್ನೂ ಒಂದೆಂದು ತಿಳಿದು ಅರ್ಜಿ ಹಾಕಬೇಡಿ. ಐಎಎಸ್ ಮುಖ್ಯ ಪರೀಕ್ಷೆಗೆ ಸಮಾಜಶಾಸ್ತ್ರವನ್ನು ಐಚ್ಛಿಕವಾಗಿ ತೆಗೆದುಕೊಂಡರೆ ಎರಡು ಪತ್ರಿಕೆ, ಒಟ್ಟು 500 ಅಂಕ.

ಅಂಕಿ-ಅಂಶ ಕಂಡರೆ ಓಡುವ ಅಭ್ಯಾಸ ಮಾತ್ರ ಬಿಡಿ. ಸಮೀಕ್ಷೆಯ ಕೆಲಸ ಕೊಡುವವರು ಮೊದಲು ಕೇಳುವುದೇ ಅದನ್ನು. ಈ ರಜೆಯಲ್ಲಿ ನಿಮ್ಮ ಕೇರಿಯ ಬಗ್ಗೆಯೇ ನಾಲ್ಕು ಪುಟ ಬರೆದು ಮೇಷ್ಟ್ರಿಗೆ ತೋರಿಸಿ.