ಲ್ಯಾಕ್ಸ್ ಗೊತ್ತು, ಹಂದಿಗೋಡು ಗೊತ್ತೇ?

ಚಿರಂಜೀವಿ ಸಿಂಧುಗೆ,

ಜೆನೆಟಿಕ್ಸ್ ಮುಗಿಸಿದವಳು ಬಯೋಎಥಿಕ್ಸ್ ಓದಲು ವಿದೇಶಕ್ಕೆ ಹೊರಟಿದ್ದೀಯಂತೆ. 'ಊರಿಗೆಲ್ಲ ನ್ಯಾಯ ಹೇಳೋಕೆ ಸಂಬಳ ಕೊಡೋರ್ಯಾರು ಅಕ್ಕಾ' ಅಂತ ನಿನ್ನಮ್ಮನ ಗೋಳು. ನನ್ನ ಚಿಂತೆ ಸಂಬಳದ್ದಲ್ಲ. ಹೋಗು, ಹೋಗಬೇಡ ಅನ್ನುವುದೂ ನನ್ನ ಕೆಲಸವಲ್ಲ. ನಿನ್ನಂಥ ಇನ್ನೂ ನಾಲ್ಕು ಮಂದಿ ಓದಲಿ ಅಂತ ಈ ಪತ್ರವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ, ಮುನಿಸಿಕೊಳ್ಳಬೇಡ.

ನಾನು ಸಾಗರದ ಕಡೆ ನರ್ಸಮ್ಮನಾಗಿದ್ದಾಗ ಹಂದಿಗೋಡು ಕಾಯಿಲೆಯ ಮನೆಗಳಿಗೆ ರಕ್ತ ತೆಗೆಯಲು ತಂಡಗಳು ಬರುತ್ತಿದ್ದವು. ದಾರಿ ತೋರಿಸುವವಳು ನಾನು. ಸೊಂಟ, ಮಂಡಿಯ ಕೀಲುಗಳು ಹಾಳಾಗಿ, ಓಡಾಡಿಕೊಂಡಿದ್ದವರು ಕೋಲು ಹಿಡಿದು, ಕೆಲವರು ಕೊನೆಗೆ ತೆವಳುವ ಕಾಯಿಲೆ. ನರಳಿದವರು ಹೆಚ್ಚಾಗಿ ದಲಿತ ಕೂಲಿಯವರು. 1970ರ ದಶಕದಲ್ಲಿ ಬೆಳಕಿಗೆ ಬಂದಾಗ ಗದ್ದೆಗೆ ಹೊಡೆದ ಔಷಧಿ, ಗದ್ದೆಯ ಏಡಿ ಅಂತ ಅನುಮಾನಪಟ್ಟರು. ಆಮೇಲೆ ವಂಶವಾಹಿಯದ್ದು ಅಂತಾಯಿತು. ತಂದೆತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವ.

ಏಡಿ ತಿನ್ನಬೇಡಿ ಅನ್ನಬಹುದು. ವಂಶದಲ್ಲೇ ಇದೆ ಅಂತ ಹೇಗೆ ಹೇಳುತ್ತೀ? ಊರಿನ ಹೆಸರೇ ಕಾಯಿಲೆಗೆ ಅಂಟಿದ ಮೇಲೆ ಹೆಣ್ಣು ನೋಡಲು ಬರುವವರು ಹೊಸಿಲು ದಾಟಿಯಾರೇ? ಅಲ್ಲೊಬ್ಬಳು ಅಜ್ಜಿ ನನ್ನನ್ನು ಕಂಡಾಗಲೆಲ್ಲ 'ನನ್ ರಕ್ತದಾಗೆ ಏನ್ ಸಿಕ್ತು ನರ್ಸಮ್ಮ?' ಅನ್ನುತ್ತಿದ್ದಳು. ಹೆಬ್ಬೆಟ್ಟು ಒತ್ತಿಸಿಕೊಂಡು ಹೋದವರು ನನಗೂ ಹೇಳಿರಲಿಲ್ಲ.

ಈಗ ಇಂಥ ಸಂಶೋಧನೆಗೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದೆ. ಔಷಧ ಪ್ರಯೋಗಗಳ 2019ರ ನಿಯಮದಂತೆ ಎಥಿಕ್ಸ್ ಕಮಿಟಿಯಲ್ಲಿ ಕನಿಷ್ಠ 7 ಜನ, ಅದರಲ್ಲೊಬ್ಬರು ಜನಸಾಮಾನ್ಯರು. ಒಳ್ಳೆಯದೇ. ಆದರೆ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಅಧ್ಯಯನಕ್ಕೆಂದು ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಕೊಟ್ಟಾಗಲೂ ಕಾಗದಪತ್ರಕ್ಕೆ ಕೊರತೆಯಿರಲಿಲ್ಲ. ಎಷ್ಟೋ ಹುಡುಗಿಯರಿಗೆ ಹಾಸ್ಟೆಲ್ ವಾರ್ಡನ್ನರೇ ಸಹಿ ಹಾಕಿದ್ದರು. 2010ರಲ್ಲಿ ಆ ಅಧ್ಯಯನ ನಿಂತಿತು.

ಒಪ್ಪಿಗೆ ಕೇಳದೆ ಜೀವಕೋಶ ತೆಗೆದು ಸಂಶೋಧನೆಗೆ ಬಳಸಿದರಲ್ಲ, ಆ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಬಗ್ಗೆ ನೀನು ಗಂಟೆಗಟ್ಟಲೆ ಮಾತಾಡುತ್ತೀ. ನಿನ್ನದೇ ಜಿಲ್ಲೆಯ ಹಂದಿಗೋಡಿಗೆ ಒಮ್ಮೆಯಾದರೂ ಹೋಗಿದ್ದೀಯಾ? ಪುಸ್ತಕ ಓದಿ ಬಡವರ ಪರವಾಗಿ ತೀರ್ಪು ಕೊಡುವವರು ಬೇಕಾದಷ್ಟಿದ್ದಾರೆ, ಅವರ ಸಾಲಿಗೆ ನೀನೂ ಸೇರಬೇಡ.

ಜೋರಾಯಿತೇನೋ. ನೀನು ಆರಿಸಿಕೊಂಡದ್ದು ಒಳ್ಳೆಯ ಕೆಲಸವೇ ಕಣೇ. ಮೊದಲು ಒಂದೆರಡು ವರ್ಷ ಜೆನೆಟಿಕ್ ಕ್ಲಿನಿಕ್ಕಿನಲ್ಲಿ ದುಡಿ. ಬಸುರಿಗೆ ರಿಪೋರ್ಟು ವಿವರಿಸುವಾಗ ಪಕ್ಕದಲ್ಲಿ ಅತ್ತೆಯೂ ಕೂತಿರುತ್ತಾಳೆ. ಯಾರೆದುರು ಎಷ್ಟು ಹೇಳಬೇಕೆಂಬುದು ಅಲ್ಲಿ ತಿಳಿಯುತ್ತದೆ. ಬಯೋಎಥಿಕ್ಸನ್ನು ಮಂಗಳೂರಿನ ಯೇನೆಪೋಯದಲ್ಲೂ ಕಲಿಸುತ್ತಾರೆ, ವಿಚಾರಿಸು.

ಫೀಸು ಆಗಲೇ ಕಟ್ಟಿಬಿಟ್ಟಿದ್ದರೆ ಅದನ್ನೂ ಹೇಳು. ಬೈಯುವುದಿಲ್ಲ, ಸ್ವೆಟರಿಗೆ ದುಡ್ಡು ಕಳಿಸುತ್ತೇನೆ.

ನಿನ್ನ ದೊಡ್ಡಮ್ಮ